ಕುದುರೆಯ ತೆರೆದ ಗಾಯಕ್ಕೆ ಏನು ಹಚ್ಚಬೇಕು, ಯಾವಾಗ ಹಚ್ಚಬೇಕು: ಬೆಂಗಳೂರಿನ ಲಾಯಗಳಿಗೊಂದು ಸಮಗ್ರ ಮಾರ್ಗದರ್ಶಿ

ಯಾವ ಲಾಯಕ್ಕೆ ಹೋದರೂ ಔಷಧದ ಗೂಡಿನಲ್ಲಿ ಹೆಚ್ಚುಕಡಿಮೆ ಅದೇ ಸಾಮಾನು. ಅರ್ಧ ಖಾಲಿಯಾದ ಬೆಟಾಡಿನ್ ಬಾಟಲಿ, ಮುಚ್ಚಳ ಕಳೆದುಹೋದ ಹಳದಿ ಮುಲಾಮಿನ ಡಬ್ಬಿ, ನೇರಳೆ ಬಣ್ಣದ ಸ್ಪ್ರೇ, ನೊಣಕ್ಕೆ ಅಂತ ಬೇವಿನೆಣ್ಣೆ. ಕುದುರೆಗೆ ಗಾಯವಾದ ಕೂಡಲೇ ಸೈಸ್ (ಕುದುರೆ ನೋಡಿಕೊಳ್ಳುವವನು) ಇವುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚುತ್ತಾನೆ. ವಾಸಿಯಾದರೆ ಮುಲಾಮಿಗೆ ಹೆಸರು, ಆಗದಿದ್ದರೆ ಕುದುರೆಯ ಹಣೆಬರಹ. ಆದರೆ ಎರಡನೇ ದಿನ ಒಳ್ಳೆಯದು ಮಾಡುವ ಔಷಧವೇ ಇಪ್ಪತ್ತನೇ ದಿನ ಅದೇ ಗಾಯವನ್ನು ಕೆಡಿಸಬಹುದು. ಗಾಯ ಈಗ ಯಾವ ಹಂತದಲ್ಲಿದೆ ಎಂದು ನೋಡಿ ಔಷಧ ಆರಿಸಬೇಕು. ಈ ಬರಹದ ಉದ್ದಕ್ಕೂ ಹೇಳುವುದು ಅದನ್ನೇ.

ರೇಸ್‌ಕೋರ್ಸ್‌ನ ಲಾಯಗಳಲ್ಲಿ ವೈದ್ಯರು ಕೂಗಳತೆಯಲ್ಲೇ ಇರುತ್ತಾರೆ. ಯಲಹಂಕ, ಹೆಸರಘಟ್ಟ, ದೇವನಹಳ್ಳಿ ಕಡೆ ನಾಲ್ಕಾರು ಕುದುರೆ ಇಟ್ಟುಕೊಂಡವರಿಗೆ, ಊರೊಳಗೆ ಮದುವೆ ಮೆರವಣಿಗೆಗೆ ಕುದುರೆ ಸಾಕುವವರಿಗೆ ಆ ಅನುಕೂಲ ಇಲ್ಲ. ಟ್ರಾಫಿಕ್ಕಿನಲ್ಲಿ ಡಾಕ್ಟರು ಬಂದು ಮುಟ್ಟುವ ತನಕದ ಹೊತ್ತು, ಅವರು ಬಂದುಹೋದ ಮೇಲಿನ ವಾರಗಳು ಎರಡೂ ನಮ್ಮ ಕೈಯಲ್ಲೇ ಇರುತ್ತವೆ. ಇದು ಮುಖ್ಯವಾಗಿ ಅವರಿಗಾಗಿ.

ಕಾಲಿನ ಗಾಯ ಬೇರೆ, ಮೈ ಗಾಯ ಬೇರೆ

ಎದೆ, ಪಕ್ಕೆ, ತೊಡೆಯ ಮೇಲೆ ಅಂಗೈಯಗಲ ಚರ್ಮ ಕಿತ್ತುಬಂದರೂ ನೋಡುವುದಕ್ಕೆ ಭಯಂಕರ ಅಷ್ಟೆ. ಅಲ್ಲಿ ಚರ್ಮ ಸಡಿಲ, ಕೆಳಗೆ ಮಾಂಸಖಂಡ ಇದೆ, ಗಾಯದ ಅಂಚುಗಳು ತಾವೇ ಒಳಕ್ಕೆ ಎಳೆದುಕೊಂಡು ಕುಗ್ಗುತ್ತವೆ. ಮಂಡಿಯಿಂದ ಕೆಳಗೆ ಆ ಸೌಕರ್ಯ ಇಲ್ಲ. ಚರ್ಮ ಬಿಗಿ, ಅದರಡಿ ನೇರವಾಗಿ ಮೂಳೆ ಮತ್ತು ನರಕಟ್ಟು (ಮಾಂಸಖಂಡವನ್ನು ಮೂಳೆಗೆ ಬಿಗಿಯುವ ಹುರಿ, ಟೆಂಡನ್), ರಕ್ತ ಸಂಚಾರವೂ ಕಡಿಮೆ, ಸಾಲದ್ದಕ್ಕೆ ಲದ್ದಿ ಮತ್ತು ಮಣ್ಣು ಪಕ್ಕದಲ್ಲೇ. ಅಲ್ಲಿ ಗಾಯ ಮುಚ್ಚಬೇಕಾದರೆ ಅಂಚಿನಿಂದ ಹೊಸ ಚರ್ಮ ತೆವಳಿಕೊಂಡು ಬರಬೇಕು, ಅದರ ವೇಗ ದಿನಕ್ಕೆ ಸುಮಾರು 0.1 ಮಿ.ಮೀ. ಪಕ್ಕೆಯಲ್ಲಿ ಇದರ ಎರಡರಷ್ಟು. ಲೆಕ್ಕ ಹಾಕಿ ನೋಡಿ: ಫೆಟ್‌ಲಾಕ್ ಕೀಲಿನ (ಗೊರಸಿಗಿಂತ ಮೇಲಿನ ಕಾಲುಗಂಟು) ಹತ್ತಿರ 4 ಸೆಂ.ಮೀ. ಅಗಲದ ಗಾಯ ಕುಗ್ಗದೆ ಬರೀ ಎರಡೂ ಅಂಚಿನ ಚರ್ಮದಿಂದಲೇ ಮುಚ್ಚಬೇಕೆಂದರೆ ಆರು ತಿಂಗಳ ಮೇಲೆ ಹಿಡಿಯುತ್ತದೆ. ಹದಿನೈದು ದಿನದಲ್ಲಿ ವಾಸಿ ಎನ್ನುವ ಡಬ್ಬಿಯ ಮೇಲಿನ ಮಾತನ್ನು ಎಷ್ಟು ನಂಬಬೇಕು ಎಂಬುದು ಇಲ್ಲೇ ತೀರ್ಮಾನವಾಯಿತು.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಗಾಬರಿ ತಪ್ಪುತ್ತದೆ. ಕುದುರೆಯ ಗಾಯ ಮೊದಲ ಒಂದೆರಡು ವಾರ ಚಿಕ್ಕದಾಗುವ ಬದಲು ದೊಡ್ಡದಾಗುತ್ತದೆ, ಅದರಲ್ಲೂ ಕಾಲಿನಲ್ಲಿ. ಸುತ್ತಲಿನ ಚರ್ಮ ಹಿಂದಕ್ಕೆ ಸರಿಯುವುದರಿಂದ ಹೀಗಾಗುತ್ತದೆ. ‘ಮುಲಾಮು ಹಿಡಿಸಿಲ್ಲ’ ಎಂದು ಮೂರು ದಿನಕ್ಕೊಂದು ಔಷಧ ಬದಲಿಸುವವರು ಹೆಚ್ಚಾಗಿ ಎಡವುವುದು ಈ ಹೊತ್ತಿನಲ್ಲೇ. ಪೋನಿಗಳು ಈ ವಿಷಯದಲ್ಲಿ ಪುಣ್ಯವಂತವು, ದೊಡ್ಡ ಕುದುರೆಗಿಂತ ಬೇಗ ಮಾಯುತ್ತವೆ.

ಹಂತ 1: ಕುದುರೆ ನಿಲ್ಲಲಿ, ರಕ್ತ ನಿಲ್ಲಲಿ

ಮುಳ್ಳುತಂತಿಗೆ ಸಿಕ್ಕಿದ ಕುದುರೆ ಇನ್ನೂ ಒದ್ದಾಡುತ್ತಿದ್ದರೆ ಮೊದಲು ತಂತಿ ಕತ್ತರಿಸಿ. ಹಾಲ್ಟರ್ (ತಲೆಗೆ ಹಾಕಿ ಹಿಡಿಯುವ ಪಟ್ಟಿ) ಹಾಕಿ ಪರಿಚಯದವರೊಬ್ಬರು ತಲೆ ಬಳಿ ನಿಲ್ಲಲಿ, ಒಂದು ಹಿಡಿ ಹುಲ್ಲು ಕೊಡಲಿ. ಗಾಯ ನೋಡುವವರು ಕಾಲಿನ ಪಕ್ಕಕ್ಕೆ ನಿಲ್ಲಬೇಕು, ನೆಲಕ್ಕೆ ಮಂಡಿಯೂರಬಾರದು. ನೋವಿನಲ್ಲಿರುವ ಪ್ರಾಣಿ ಪರಿಚಯ ಪಂಚಾಯಿತಿ ನೋಡುವುದಿಲ್ಲ.

ರಕ್ತ ಹರಿಯುತ್ತಿದ್ದರೆ ದಪ್ಪ ಗಾಜ್ ಅಥವಾ ಒಗೆದ ಬಟ್ಟೆ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ. ಗಡಿಯಾರ ನೋಡಿಕೊಂಡು 10 ನಿಮಿಷ. ನಡುವೆ ‘ನಿಂತಿತೇ’ ಎಂದು ಎತ್ತಿ ನೋಡಬೇಡಿ. ಎತ್ತಿದಾಗಲೆಲ್ಲ ಹೆಪ್ಪು ಕಿತ್ತು ಮತ್ತೆ ಮೊದಲಿನಿಂದ ಶುರು. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಡಿ. ಕಾಲಾದರೆ ಹತ್ತಿಯ ದಪ್ಪ ಪದರ ಸುತ್ತಿ ಮೇಲೆ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಕಟ್ಟಬಹುದು. ಹಗ್ಗ, ಸೈಕಲ್ ಟ್ಯೂಬು ಬಿಗಿದು ರಕ್ತ ನಿಲ್ಲಿಸುವ ಸಾಹಸ ಬೇಡ. ಕಾಫಿ ಪುಡಿ, ಸಕ್ಕರೆ ತುಂಬುವುದೂ ಬೇಡ. ಆಮೇಲೆ ಅದನ್ನೆಲ್ಲ ಗಾಯದಿಂದ ಕೆರೆದು ತೆಗೆಯುವುದೇ ಒಂದು ಕೆಲಸವಾಗುತ್ತದೆ.

ನೆಲದ ಮೇಲಿನ ರಕ್ತ ಕಂಡು ಕೈಕಾಲು ಬಿಡಬೇಡಿ. 450 ಕೆ.ಜಿ. ಕುದುರೆಯ ಮೈಯಲ್ಲಿ ಸುಮಾರು 36 ಲೀಟರ್ ರಕ್ತ ಇರುತ್ತದೆ. ಒಂದೆರಡು ಲೀಟರ್ ಹೋದರೆ ನೆಲವೆಲ್ಲ ಕೆಂಪಾಗುತ್ತದೆ, ಕುದುರೆ ತಡೆದುಕೊಳ್ಳುತ್ತದೆ. ಹೊಳೆಯುವ ಕೆಂಪಾಗಿ ಚಿಮ್ಮಿ ಚಿಮ್ಮಿ ಬರುತ್ತಿದ್ದರೆ ಮಾತು ಬೇರೆ, ಅದು ಅಪಧಮನಿ. ಒತ್ತಿದ ಕೈ ಬಿಡದೆ ಇನ್ನೊಬ್ಬರಿಂದ ಫೋನ್ ಮಾಡಿಸಿ. ಸಾಧ್ಯವಾದರೆ ನಾಡಿ ಎಣಿಸಿ: ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಶಾಂತವಾಗಿ ನಿಂತ ಮೇಲೂ 60 ದಾಟಿದ್ದರೆ ಅದನ್ನು ಡಾಕ್ಟರಿಗೆ ಮೊದಲ ಮಾತಾಗಿ ಹೇಳಿ. ಹೆಚ್ಚು ರಕ್ತ ಹೋದ ಕುದುರೆಗೆ ಸುಮ್ಮನಾಗಲಿ ಎಂದು ಎಸಿಪ್ರೊಮಜಿನ್ ಕೊಡಬಾರದು, ಅದು ರಕ್ತದೊತ್ತಡವನ್ನು ಇನ್ನೂ ಇಳಿಸುತ್ತದೆ.

ಹಂತ 2: ಮುಲಾಮಿಗೆ ಮುಂಚೆ ಫೋನು

ಗಾಯಕ್ಕೆ ಹೊಲಿಗೆ ಹಾಕುವುದಿದ್ದರೆ ಮೊದಲ 6ರಿಂದ 8 ಗಂಟೆಯೊಳಗೆ ಹಾಕಿದರೆ ಚೆನ್ನ. ಆ ಹೊತ್ತಿನಲ್ಲಿ ನೀವು ಬಣ್ಣದ ಸ್ಪ್ರೇ ಹೊಡೆದು, ಪುಡಿ ತುಂಬಿ ಇಟ್ಟಿದ್ದರೆ ವೈದ್ಯರಿಗೆ ಯಾವುದು ಜೀವಂತ ಮಾಂಸ, ಯಾವುದು ಸತ್ತದ್ದು ಎಂದೇ ಗೊತ್ತಾಗುವುದಿಲ್ಲ. ಹಾಗಾಗಿ ವೈದ್ಯರು ನೋಡುವ ಗಾಯಕ್ಕೆ ಅವರು ಬರುವ ತನಕ ತೊಳೆಯುವುದು, ಒದ್ದೆ ಗಾಜ್ ಮುಚ್ಚುವುದು, ಇಷ್ಟೇ. ನೋವಿನ ಔಷಧವನ್ನೂ ಕೇಳಿಯೇ ಕೊಡಿ. ಬ್ಯೂಟ್ (ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಔಷಧ) ಕೊಟ್ಟ ಕುದುರೆಯ ಕುಂಟು ಮುಚ್ಚಿಹೋಗಿ ಒಳಗಿನ ಏಟು ತಿಳಿಯದೆ ಹೋಗಬಹುದು.

ಗಾಯದ ಗಾತ್ರ ಮೋಸ ಮಾಡುತ್ತದೆ. ಪಕ್ಕೆಯ ಅಡಿಯುದ್ದದ ಸೀಳಿಗಿಂತ ಫೆಟ್‌ಲಾಕ್ ಕೀಲಿನ ಪಕ್ಕದ ಕಡಲೆಕಾಳಿನಷ್ಟು ತೂತು ಕುದುರೆಯ ಬದುಕಿಗೇ ಕುತ್ತಾಗಬಹುದು. ಕೀಲು ಅಥವಾ ನರಕಟ್ಟಿನ ಚೀಲದೊಳಗೆ ಸೋಂಕು ಹೊಕ್ಕರೆ ಹೊತ್ತು ಹೋದಷ್ಟೂ ಉಳಿಯುವ ಅವಕಾಶ ಕರಗುತ್ತದೆ. ಗಾಯದಿಂದ ತಿಳಿ ಹಳದಿ, ಬೆರಳಿಗೆ ಎಳೆಯಾಗಿ ಅಂಟುವ ದ್ರವ ಬಂದರೆ ಅದು ಕೀಲಿನ ಎಣ್ಣೆ ಎಂದೇ ತಿಳಿಯಿರಿ. ವೈದ್ಯರು ಗಾಯದಿಂದ ದೂರದ ಜಾಗದಲ್ಲಿ ಸೂಜಿ ಚುಚ್ಚಿ ಕೀಲಿನೊಳಕ್ಕೆ ಸ್ಟೆರೈಲ್ ಸಲೈನ್ ಬಿಟ್ಟು, ಅದು ಗಾಯದಿಂದ ಹೊರಬರುತ್ತದೆಯೇ ಎಂದು ನೋಡುತ್ತಾರೆ. ಅದು ಲಾಯದಲ್ಲಿ ಕೂತು ಊಹಿಸುವ ವಿಷಯವಲ್ಲ.

ಎದೆಗೂಡು, ಹೊಟ್ಟೆ, ಕಣ್ಣು ಮತ್ತು ರೆಪ್ಪೆಯ ಗಾಯ, ಆಳದ ಚುಚ್ಚುಗಾಯ, ಮೂಳೆ ಕಾಣುವ ಗಾಯ, ಗಾಯ ಚಿಕ್ಕದಿದ್ದೂ ಕಾಲೂರದ ಕುದುರೆ, ಇವೆಲ್ಲ ಕಾಯುವಂಥವಲ್ಲ. ಗೊರಸಿನ ಅಡಿಗೆ ಮೊಳೆ ಹೊಕ್ಕಿದ್ದರೆ (ಕಟ್ಟಡ ಏಳದ ಬೀದಿಯೇ ಇಲ್ಲದ ಈ ಊರಲ್ಲಿ ಇದು ಮಾಮೂಲಿ) ಕೂಡಲೇ ಕೀಳಬೇಡಿ. ಅದು ಎಷ್ಟು ಆಳ, ಯಾವ ದಿಕ್ಕಿಗೆ ಹೋಗಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣುವುದು ಮೊಳೆ ಅಲ್ಲೇ ಇದ್ದರೆ ಮಾತ್ರ. ಕುದುರೆ ಕಾಲೂರಿ ಅದನ್ನು ಇನ್ನೂ ಒಳಕ್ಕೆ ತಳ್ಳುತ್ತಿದೆ, ವೈದ್ಯರು ಬರುವುದು ತಡ ಎಂದಾದರೆ ಫೋಟೋ ತೆಗೆದು, ಜಾಗವನ್ನು ಮಾರ್ಕರ್‌ನಲ್ಲಿ ಗುರುತಿಸಿ ಆಮೇಲೆ ಕೀಳಿ, ಮೊಳೆಯನ್ನು ಎತ್ತಿಡಿ.

ಖಾಸಗಿ ವೈದ್ಯರು ಸಿಗದಿದ್ದರೆ ಪಶುಪಾಲನಾ ಇಲಾಖೆಯ 1962 ಸಹಾಯವಾಣಿ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಫೋನಿನಲ್ಲೇ ಧನುರ್ವಾಯು ಲಸಿಕೆಯ ತಾರೀಖು ಹೇಳಿ. ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಕುದುರೆಯಷ್ಟು ಬೇಗ ತುತ್ತಾಗುವುದು ಇನ್ನೊಂದಿಲ್ಲ. ಅದರ ರೋಗಾಣು ಇರುವುದು ಮಣ್ಣಿನಲ್ಲಿ, ಕುದುರೆಯ ಲದ್ದಿಯಲ್ಲೇ. ಹಿಂದಿನ ಟಾಕ್ಸಾಯ್ಡ್ ಚುಚ್ಚುಮದ್ದು ಹಾಕಿಸಿ 6 ತಿಂಗಳು ದಾಟಿದ್ದರೆ ಗಾಯವಾದಾಗ ಮತ್ತೊಂದು ಹಾಕುವುದು ರೂಢಿ. ಲಸಿಕೆಯೇ ಆಗಿಲ್ಲದ, ಅಥವಾ ಆಗಿದೆಯೋ ಇಲ್ಲವೋ ಗೊತ್ತಿಲ್ಲದ ಕುದುರೆಗೆ ಆಂಟಿಟಾಕ್ಸಿನ್ (ಕೂಡಲೇ ರಕ್ಷಣೆ ಕೊಡುವ ಸಿದ್ಧ ಪ್ರತಿವಿಷ) ಕೂಡ ಬೇಕಾಗುತ್ತದೆ. ಯಾವ ಮುಲಾಮೂ ಈ ಚುಚ್ಚುಮದ್ದಿನ ಬದಲಿಗೆ ಆಗುವುದಿಲ್ಲ.

ಹಂತ 3: ಕೂದಲು ತೆಗೆಯುವುದು, ತೊಳೆಯುವುದು

ಗಾಯದ ಆರೈಕೆಯಲ್ಲಿ ಅತಿ ದೊಡ್ಡ ಔಷಧ ಯಾವುದೆಂದು ಕೇಳಿದರೆ ನಾನು ನೀರು ಎನ್ನುತ್ತೇನೆ. ಚೆನ್ನಾಗಿ ತೊಳೆದು ಏನೂ ಹಚ್ಚದ ಗಾಯ, ತೊಳೆಯದೆ ದುಬಾರಿ ಮುಲಾಮು ಮೆತ್ತಿದ ಗಾಯಕ್ಕಿಂತ ಮೇಲು.

ಮೊದಲು ಕೈಗೆ ಗ್ಲೌಸ್. ಸುತ್ತಲಿನ ಕೂದಲು ಕತ್ತರಿಸುವ ಮುಂಚೆ ಗಾಯದೊಳಕ್ಕೆ ನೀರಿನಲ್ಲಿ ಕರಗುವ ಸ್ಟೆರೈಲ್ ಲೂಬ್ರಿಕೆಂಟ್ ಜೆಲ್ಲಿ ತುಂಬಿ. ಮೆಡಿಕಲ್ ಶಾಪಿನಲ್ಲಿ ಟ್ಯೂಬಿನಲ್ಲಿ ಸಿಗುತ್ತದೆ. ಕ್ಲಿಪ್ಪರ್ ಆಡಿಸಿದಾಗ ಉದುರುವ ಕೂದಲೆಲ್ಲ ಜೆಲ್ಲಿಗೆ ಅಂಟುತ್ತದೆ, ಆಮೇಲೆ ನೀರು ಬಿಟ್ಟರೆ ಜೆಲ್ಲಿಯ ಜೊತೆಗೇ ಜಾರಿಹೋಗುತ್ತದೆ. ಜೆಲ್ಲಿ ಇಲ್ಲದೆ ಕತ್ತರಿಸಿದರೆ ಒಂದೊಂದು ಕೂದಲೂ ಹಸಿ ಮಾಂಸದಲ್ಲಿ ಸಿಕ್ಕಿಕೊಂಡು, ಚಿಮುಟದಲ್ಲಿ ಹೆಕ್ಕುತ್ತ ಕೂರಬೇಕಾಗುತ್ತದೆ. ವ್ಯಾಸಲೀನ್ ಇದಕ್ಕೆ ಆಗದು, ನೀರಿಗೆ ಬಿಡುವುದಿಲ್ಲ. ಅಂಚಿನಿಂದ ಎರಡು ಬೆರಳಗಲ ಕೂದಲು ತೆಗೆದರೆ ಸಾಕು.

ಮಣ್ಣು, ಕಲ್ಲು ಮೆತ್ತಿದ್ದರೆ ಪೈಪಿನಿಂದ ಮೆದುವಾಗಿ ನೀರು ಬಿಟ್ಟು ಮೇಲಿನ ಕೊಳೆ ಇಳಿಸಿ. ಚುಚ್ಚುಗಾಯ, ಕೀಲಿನ ಗಾಯ ಅಲ್ಲದಿದ್ದರೆ ಮಾತ್ರ. ಟ್ಯಾಂಕರ್ ನೀರು, ತಿಂಗಳುಗಟ್ಟಲೆ ತೊಳೆಯದ ಸಂಪಿನ ನೀರು ಇದಕ್ಕೆ ಬೇಡ, ನೀವು ಕುಡಿಯಲು ಒಪ್ಪುವ ನೀರಾಗಿರಲಿ. ಮೊದಲ ಎರಡು ಮೂರು ದಿನ ಸುತ್ತಲಿನ ಬಾವು ಇಳಿಯಲು 10ರಿಂದ 15 ನಿಮಿಷ ತಣ್ಣೀರು ಬಿಡುವುದು ಒಳ್ಳೆಯದೇ. ವಾರಗಟ್ಟಲೆ ದಿನಾ ಪೈಪು ಹಿಡಿಯುವುದು ಒಳ್ಳೆಯದಲ್ಲ, ಹೊಸ ಮಾಂಸ ನೀರು ಕುಡಿದು ಊದಿಕೊಳ್ಳುತ್ತದೆ.

ಆಮೇಲೆ ಅಸಲಿ ತೊಳೆತ, ಸಲೈನ್‌ನಲ್ಲಿ. ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್ ಬಾಟಲಿ ಉತ್ತಮ. ಇಲ್ಲದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಹಾಕಿ. 35 ಅಥವಾ 50 ಮಿ.ಲೀ. ಸಿರಿಂಜಿಗೆ 18 ಅಥವಾ 19 ಗೇಜ್ ಸೂಜಿ ಹಾಕಿ ಗಾಯದ ಮೇಲೆ ಓರೆಯಾಗಿ ಚಿಮ್ಮಿಸಿದರೆ ಕೊಳೆ ಮತ್ತು ರೋಗಾಣು ಕಿತ್ತುಬರುವಷ್ಟು ಒತ್ತಡ ಸಿಗುತ್ತದೆ, ಮಾಂಸದೊಳಕ್ಕೆ ತಳ್ಳುವಷ್ಟಿರುವುದಿಲ್ಲ. ಸೂಜಿಯ ಭಯವಿದ್ದರೆ ಸಲೈನ್ ಬಾಟಲಿಯ ಮುಚ್ಚಳಕ್ಕೇ ದಪ್ಪ ಸೂಜಿಯಿಂದ ನಾಲ್ಕಾರು ತೂತು ಮಾಡಿ ಹಿಂಡಿ. ಕಾರು ತೊಳೆಯುವ ಪ್ರೆಶರ್ ಗನ್ ಹಿಡಿಯುವ ಮಹನೀಯರೂ ಇದ್ದಾರೆ, ದಯವಿಟ್ಟು ಬೇಡ. ಅಂಗೈಯಗಲದ ಗಾಯಕ್ಕೆ ಕನಿಷ್ಠ ಒಂದು ಲೀಟರ್ ಖರ್ಚಾಗಲಿ. ಹೆಪ್ಪು, ಹುಲ್ಲಿನ ಚೂರು, ಮರಳು ಹೋಗಿ ತಳ ಸ್ವಚ್ಛ ಗುಲಾಬಿ ಅಥವಾ ಕೆಂಪಾಗಿ ಕಾಣುವ ತನಕ.

ಕೊಳೆಯಾದ ಗಾಯಕ್ಕೆ ಆಂಟಿಸೆಪ್ಟಿಕ್ ಬೆರೆಸುವುದಿದ್ದರೆ ಅಳತೆ ತಪ್ಪಬಾರದು. ಪೊವಿಡೋನ್ ಅಯೋಡಿನ್ 10 ಶೇಕಡಾ ಬಾಟಲಿಯಾದರೆ ಲೀಟರಿಗೆ 10ರಿಂದ 20 ಮಿ.ಲೀ., 5 ಶೇಕಡಾ ಬಾಟಲಿಯಾದರೆ ಅದರ ಎರಡರಷ್ಟು. ನೀರು ತಿಳಿ ಚಹಾದ ಬಣ್ಣಕ್ಕೆ ಬಂದರೆ ಸರಿ. ಬಾಟಲಿಯಿಂದ ನೇರ ಸುರಿದರೆ ರೋಗಾಣುವಿನ ಜೊತೆಗೆ ಗಾಯ ಮಾಯಿಸುವ ಜೀವಕೋಶಗಳೂ ಸಾಯುತ್ತವೆ. ಕ್ಲೋರ್‌ಹೆಕ್ಸಿಡಿನ್ 2 ಶೇಕಡಾ ದ್ರಾವಣವಾದರೆ ಲೀಟರಿಗೆ 25 ಮಿ.ಲೀ.; ಅದು ಕಣ್ಣಿನ ಬಳಿಗೂ ಕೀಲಿನ ಬಳಿಗೂ ಹೋಗಬಾರದು. ‘ಸ್ಕ್ರಬ್’ ಎಂದು ಬರೆದಿರುವ ಬಾಟಲಿಯಲ್ಲಿ ಸೋಪಿನ ಅಂಶ ಇರುತ್ತದೆ, ಅದು ಸುತ್ತಲಿನ ಚರ್ಮಕ್ಕೆ ಮಾತ್ರ. ಎರಡೂ ಆಂಟಿಸೆಪ್ಟಿಕ್ ಒಟ್ಟಿಗೆ ಬೆರೆಸಬೇಡಿ. ಮೊದಲ ಕೆಲವು ದಿನ ದಾಟಿ ತಳ ಸ್ವಚ್ಛವಾದ ಮೇಲೆ ಬರೀ ಸಲೈನ್ ಸಾಕು.

ಒರೆಸಲು ಗಾಜ್ ಬಳಸಿ. ಹತ್ತಿಯನ್ನು ನೇರ ಗಾಯಕ್ಕೆ ತಾಗಿಸಿದರೆ ಎಳೆ ಉಳಿಯುತ್ತದೆ.

ಹಂತ 4: ಹಚ್ಚುವುದು

ಮೊದಲ ಮೂರು ನಾಲ್ಕು ದಿನ ಗಾಯ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಕಾಲ. ತಳದಲ್ಲಿ ಸತ್ತ ಅಂಗಾಂಶ, ಹಳದಿ ಲೋಳೆ, ಸ್ವಲ್ಪ ವಾಸನೆ ಇರಬಹುದು. ಈಗ ಬೇಕಾದದ್ದು ತೇವ ಉಳಿಸುವ, ರೋಗಾಣು ತಡೆಯುವ ಔಷಧ. 1 ಶೇಕಡಾ ಸಿಲ್ವರ್ ಸಲ್ಫಾಡಯಾಜಿನ್ ಕ್ರೀಂ ಈ ಹಂತದಲ್ಲಿ ನನ್ನ ಮೊದಲ ಆಯ್ಕೆ. ಸ್ಯೂಡೊಮೊನಾಸ್‌ನಂಥ ಮೊಂಡು ರೋಗಾಣುವನ್ನೂ ಹಿಡಿಯುತ್ತದೆ, ಬೆಲೆಯೂ ಕೈಗೆಟಕುತ್ತದೆ. ಗಾಯ ಒಣಗಿ ಬಿರುಸಾಗಿದ್ದರೆ ಹೈಡ್ರೊಜೆಲ್ (ನೀರಿನಂಶ ತುಂಬಿದ ಗಾಯದ ಜೆಲ್) ಒಳ್ಳೆಯದು, ಸತ್ತ ಪದರವನ್ನು ಮೆತ್ತಗೆ ಮಾಡಿ ಬಿಡಿಸುತ್ತದೆ.

ಜೇನುತುಪ್ಪ ಸೇರುವುದೂ ಇಲ್ಲೇ. ಕುದುರೆಯ ಕಾಲಿನ ಗಾಯಗಳ ಮೇಲೆ ಮನುಕಾ ಜೇನು ಹಚ್ಚಿ ನಡೆಸಿದ ಅಧ್ಯಯನಗಳಲ್ಲಿ ಆರಂಭದ ದಿನಗಳಲ್ಲಿ ಗಾಯ ಹಿಗ್ಗುವುದು ಕಡಿಮೆಯಾದದ್ದು ಕಂಡಿದೆ. ಆದರೆ ಅದು ರೋಗಾಣುರಹಿತ ಮಾಡಿದ ವೈದ್ಯಕೀಯ ಜೇನು. ಕೊಡಗಿನಿಂದ ತಂದ ಜೇನು ರೊಟ್ಟಿಗೆ ಎಷ್ಟೇ ರುಚಿಯಿದ್ದರೂ ಹಸಿ ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಜಾತಿಯ ರೋಗಾಣುಬೀಜ ಇರಬಹುದು; ಧನುರ್ವಾಯುವಿಗೆ ಹೆದರುವ ಪ್ರಾಣಿಯ ಆಳದ ಗಾಯಕ್ಕೆ ಅದನ್ನು ನಾನಂತೂ ತುಂಬುವುದಿಲ್ಲ. ಇನ್ನು, ಜೇನು ಹಚ್ಚಿ ಪಟ್ಟಿ ಕಟ್ಟದೆ ಬಿಟ್ಟರೆ ಬೆಂಗಳೂರಿನ ನೊಣವೆಲ್ಲ ಅಲ್ಲೇ ಸೇರುತ್ತದೆ.

ನಾಲ್ಕೈದನೇ ದಿನದಿಂದ ತಳದಲ್ಲಿ ಕೆಂಪು, ಸಣ್ಣ ಹರಳು ಹರಳಾದ ಹೊಸ ಮಾಂಸ ಏಳುತ್ತದೆ. ಚೆನ್ನಾಗಿರುವ ಹೊಸ ಮಾಂಸ ಗುಲಾಬಿ ಮಿಶ್ರಿತ ಕೆಂಪು, ಒದ್ದೆ, ಚಪ್ಪಟೆ. ಮುಟ್ಟಿದರೆ ಸುಲಭವಾಗಿ ರಕ್ತ ಜಿನುಗುತ್ತದೆ, ಆದರೆ ಕುದುರೆಗೆ ನೋವಿಲ್ಲ, ಅದರಲ್ಲಿ ನರ ಇರುವುದಿಲ್ಲ. ಈ ಮಾಂಸವೇ ಸೋಂಕಿಗೆ ಬೇಲಿ. ಈಗ ಬಲವಾದ ಆಂಟಿಸೆಪ್ಟಿಕ್ ನಿಲ್ಲಿಸಿ. ಅಂಟದ ಪ್ಯಾರಾಫಿನ್ ಗಾಜ್, ಬೇಕಿದ್ದರೆ ಬ್ಯಾಸಿಟ್ರಾಸಿನ್-ನಿಯೋಮೈಸಿನ್-ಪಾಲಿಮಿಕ್ಸಿನ್ ಇರುವ ಮುಲಾಮಿನ ತೆಳು ಪದರ ಸಾಕು. ಹಳದಿ ನೈಟ್ರೊಫ್ಯುರಜೋನ್ ಮುಲಾಮು ಪ್ರತಿ ಲಾಯದಲ್ಲೂ ಇದೆ, ಅಪ್ಪನ ಕಾಲದಿಂದ ಹಚ್ಚಿಕೊಂಡು ಬಂದಿದ್ದೇವೆ. ಆದರೆ ಅದು ಅಂಚಿನಿಂದ ಬರುವ ಚರ್ಮವನ್ನು ನಿಧಾನ ಮಾಡುತ್ತದೆ. ದಿನಕ್ಕೆ 0.1 ಮಿ.ಮೀ. ಮುಂದೆ ಬರುವ ಚರ್ಮಕ್ಕೆ ಅಡ್ಡಗಾಲು ಹಾಕುವುದು ಯಾಕೆ?

ಮಾಂಸ ಚರ್ಮದ ಮಟ್ಟಕ್ಕೆ ಬಂದು, ಅಂಚಿನಲ್ಲಿ ಬೆಳ್ಳಗೆ-ಗುಲಾಬಿಯಾಗಿ ತೆಳು ಗೆರೆಯೊಂದು ಕಾಣತೊಡಗಿದರೆ ಅದು ಹೊಸ ಚರ್ಮ. ಅದನ್ನು ಉಜ್ಜಬೇಡಿ, ಹುಣ್ಣಿನ ಹೊಪ್ಪಳೆ ಎಂದು ಕೀಳಬೇಡಿ. ಈ ಹಂತದಲ್ಲಿ ಕಡಿಮೆ ಮುಟ್ಟಿದಷ್ಟೂ ಲಾಭ.

ಮುಲಾಮು ಎಷ್ಟು? ತಳ ಕಾಣುವಷ್ಟು ತೆಳುವಾಗಿ. ಡಬ್ಬಿಗೆ ಬೆರಳು ಅದ್ದುವ ಅಭ್ಯಾಸ ಬಿಡಿಸಿ: ಲಾಯದ ಡಬ್ಬಿಯ ಮುಚ್ಚಳ ತೆಗೆದು ನೋಡಿದರೆ ಮುಲಾಮಿನ ಮೇಲೆ ಕೂದಲು, ಹೊಟ್ಟಿನ ಚೂರು, ಹಿಂದಿನ ಕುದುರೆಯ ಕೀವಿನ ಕಂದು ಗೆರೆ ಎಲ್ಲ ಕಾಣುತ್ತದೆ. ಐಸ್‌ಕ್ರೀಂ ಕಡ್ಡಿಯಂಥ ಬಿಸಾಡುವ ಚಪ್ಪಟೆ ಕಡ್ಡಿ ಬಳಸಿ, ಅಥವಾ ಕುದುರೆಗೊಂದು ಸಣ್ಣ ಟ್ಯೂಬ್ ಇಡಿ. ಕೀವು-ನೀರು ಇಳಿಯುವ ಕೆಳಗಿನ ಚರ್ಮಕ್ಕೆ ವ್ಯಾಸಲೀನ್ ಸವರಿದರೆ ಅಲ್ಲಿ ಕೂದಲು ಉದುರಿ ಬೊಕ್ಕೆ ಏಳುವುದಿಲ್ಲ.

ರೇಸ್ ಕುದುರೆ, ಸ್ಪರ್ಧೆಗೆ ಹೋಗುವ ಕುದುರೆಯಾದರೆ ಇನ್ನೊಂದು ಎಚ್ಚರ. ಸ್ಟೀರಾಯ್ಡ್, ಲಿಗ್ನೊಕೇಯ್ನ್ ಬೆರೆತ ಕ್ರೀಂಗಳು ಗಾಯದಿಂದ ರಕ್ತಕ್ಕೆ ಸೇರಿ ಡೋಪ್ ಟೆಸ್ಟಿನಲ್ಲಿ ಸಿಕ್ಕಿಬೀಳಬಹುದು. ಟ್ಯೂಬಿನ ಹಿಂದಿನ ಸಣ್ಣಕ್ಷರ ಓದದೆ ಯಾವುದನ್ನೂ ಹಚ್ಚಬೇಡಿ.

ಹಂತ 5: ಪಟ್ಟಿ

ಮೈ ಗಾಯಕ್ಕೆ ಪಟ್ಟಿ ನಿಲ್ಲುವುದಿಲ್ಲ, ತೊಳೆದು ತೆಳುವಾಗಿ ಹಚ್ಚಿ ಬಿಡುವುದೇ. ಮಂಡಿಯಿಂದ ಕೆಳಗಿನ ಗಾಯಕ್ಕೆ ಆರಂಭದಲ್ಲಿ ಪಟ್ಟಿ ಬೇಕೇ ಬೇಕು.

ಮೂರು ಪದರ. ಗಾಯಕ್ಕೆ ತಾಗುವುದು ಅಂಟದ ಗಾಜ್. ಅದರ ಮೇಲೆ ಹತ್ತಿ ರೋಲ್ ಅಥವಾ ಗ್ಯಾಮ್ಜಿ (ಗಾಜ್ ಹೊದಿಸಿದ ಹತ್ತಿ ಹಾಸು), ಒತ್ತಿದ ಮೇಲೂ ಬೆರಳಿನ ದಪ್ಪ ಉಳಿಯಬೇಕು, ಎಲ್ಲೂ ಸುಕ್ಕಿರಬಾರದು. ಹೊರಗಡೆ ಕ್ರೇಪ್ ಅಥವಾ ವೆಟ್‌ರ್ಯಾಪ್‌ನಂಥ ತನಗೆ ತಾನೇ ಅಂಟುವ ಪಟ್ಟಿ. ಸುತ್ತುವ ದಿಕ್ಕು ನೆನಪಿಡಲು ಸುಲಭ: ಕಾಲಿನ ಹೊರಬದಿಯಿಂದ ನೋಡಿದರೆ ಪಟ್ಟಿ ಮುಂದಿನಿಂದ ಹಿಂದಕ್ಕೆ ಹೋಗಬೇಕು, ಎಡಗಾಲಿಗೂ ಬಲಗಾಲಿಗೂ ಇದೇ. ಶುರು ಮಾಡುವುದು ಮುಂದಿನ ಮೂಳೆಯ ಮೇಲೆ, ಹಿಂದಿನ ನರಕಟ್ಟಿನ ಮೇಲಲ್ಲ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಲಿ. ವೆಟ್‌ರ್ಯಾಪ್ ಅನ್ನು ರೋಲಿನಿಂದ ನೇರ ಎಳೆದು ಸುತ್ತಿದರೆ ಗೊತ್ತಿಲ್ಲದೆ ವಿಪರೀತ ಬಿಗಿಯಾಗುತ್ತದೆ. ಮೊದಲು ಸ್ವಲ್ಪ ಬಿಚ್ಚಿಕೊಂಡು, ಆಮೇಲೆ ಪಟ್ಟಿಯ ಮೇಲಿನ ಸಣ್ಣ ನೆರಿಗೆಗಳು ಪೂರ್ತಿ ಮಾಯವಾಗದಷ್ಟು ಮಾತ್ರ ಎಳೆಯಿರಿ. ಮೇಲೆ ಕೆಳಗೆ ಎರಡು ಬೆರಳಗಲ ಹತ್ತಿ ಹೊರಗೆ ಕಾಣಬೇಕು. ಕಟ್ಟಿದ ಮೇಲೆ ಮೇಲಂಚಿನಲ್ಲಿ ಒಂದು ಬೆರಳು ಕಷ್ಟಪಟ್ಟು ಹೊಕ್ಕರೆ ಹದ ಸರಿ.

ಏಟಾದ ಕಾಲಿನ ಭಾರವೆಲ್ಲ ಎದುರು ಕಾಲಿಗೆ ಬೀಳುತ್ತದೆ, ಅದಕ್ಕೂ ಒಂದು ಆಸರೆ ಪಟ್ಟಿ ಕಟ್ಟಿ.

ಮೊದಲ ವಾರ ದಿನಾ ಅಥವಾ ದಿನ ಬಿಟ್ಟು ದಿನ ಬದಲಿಸಿ, ಸ್ರಾವ ಕಡಿಮೆಯಾದಂತೆ ಎರಡು ಮೂರು ದಿನಕ್ಕೊಮ್ಮೆ. ಹೊರಗಿನಿಂದ ಒದ್ದೆಯಾದರೆ ಲೆಕ್ಕ ನೋಡದೆ ಅದೇ ಹೊತ್ತಿಗೆ ಬಿಚ್ಚಿ. ಮಳೆಗಾಲದಲ್ಲಿ ಸಂಜೆ ಮಳೆ ಸುರಿದು ಪ್ಯಾಡಕ್‌ನಲ್ಲಿ ನೆನೆದ ಪಟ್ಟಿಯನ್ನು ಬೆಳಗಿನ ತನಕ ಬಿಡುವುದೆಂದರೆ ಸೋಂಕನ್ನು ಕಟ್ಟಿಟ್ಟ ಹಾಗೆ. ಪಟ್ಟಿಯ ಮೇಲೆ ಊತ, ಕೆಟ್ಟ ವಾಸನೆ, ಕಚ್ಚಿ ಕಿತ್ತುಕೊಳ್ಳುವುದು, ನಿನ್ನೆಗಿಂತ ಹೆಚ್ಚು ಕುಂಟುವುದು, ಯಾವುದು ಕಂಡರೂ ಬಿಚ್ಚಿ ನೋಡಿ. ಕಚ್ಚುವ ಚಾಳಿಯಿದ್ದರೆ ಮೇಲೆ ಖಾರದ ಪುಡಿ ಸವರುವ ಬದಲು ಬಾಯಿಕುಕ್ಕೆ ಹಾಕಿ, ಮೇವಿನ ಹೊತ್ತಿಗೆ ತೆಗೆದರಾಯಿತು.

ದುರ್ಮಾಂಸ ಎದ್ದರೆ

ಕಾಲಿನಲ್ಲಿ ಹೊಸ ಮಾಂಸ ಚರ್ಮದ ಮಟ್ಟಕ್ಕೆ ನಿಲ್ಲದೆ ಉಬ್ಬಿ ಹೊರಬರುವುದು ಕುದುರೆಗೆ ವಿಶೇಷವಾದ ಕಾಟ. ಅಂಚಿನ ಚರ್ಮ ಈ ದಿಬ್ಬ ಹತ್ತಲಾರದೆ ಬುಡದಲ್ಲೇ ನಿಂತುಬಿಡುತ್ತದೆ, ಗಾಯ ತಿಂಗಳುಗಟ್ಟಲೆ ಅಲ್ಲೇ. ಸದಾ ಅಲುಗಾಡುವ ಜಾಗ, ಒಳಗೆ ಉಳಿದ ಮೂಳೆ ಚೂರು ಅಥವಾ ಕಟ್ಟಿಗೆ ಸಿಬರು, ಸೋಂಕು, ಉರಿಸುವ ಔಷಧ, ಇವೆಲ್ಲ ಅದಕ್ಕೆ ಕಾರಣ. ಪಟ್ಟಿಯೊಳಗಿನ ತೇವವೂ ಕೂಡ, ಹಾಗಾಗಿ ಮಾಂಸ ಮಟ್ಟಕ್ಕೆ ಬಂದ ಮೇಲೆ ಪಟ್ಟಿ ಮುಂದುವರಿಸಬೇಕೇ ಎಂದು ವೈದ್ಯರನ್ನು ಕೇಳಿ.

ನಮ್ಮ ಕಡೆ ಇದಕ್ಕೆ ಹಳೆಯ ಮದ್ದು ಮೈಲುತುತ್ತ (ಕಾಪರ್ ಸಲ್ಫೇಟ್). ಮಾಂಸ ಸುಡುತ್ತದೆ, ಕಪ್ಪಾಗಿ ಉದುರುತ್ತದೆ, ಎಲ್ಲರಿಗೂ ತೃಪ್ತಿ. ಆದರೆ ಅದರ ಜೊತೆಗೆ ಅಂಚಿನ ಎಳೆ ಚರ್ಮವೂ ಸುಟ್ಟುಹೋಗಿ, ಸುಟ್ಟ ಉರಿಗೆ ಮಾಂಸ ಮತ್ತೆ ಏಳುತ್ತದೆ. ಸರಿಯಾದ ದಾರಿ ವೈದ್ಯರು ಹರಿತ ಬ್ಲೇಡಿನಿಂದ ಚರ್ಮದ ಮಟ್ಟಕ್ಕೆ, ಇಲ್ಲವೇ ಕೂದಲೆಳೆ ಕೆಳಕ್ಕೆ ಸವರಿ ತೆಗೆಯುವುದು. ನರ ಇಲ್ಲದ್ದರಿಂದ ನೋವಿಲ್ಲ. ರಕ್ತ ಮಾತ್ರ ಧಾರಾಳ ಬರುತ್ತದೆ, ಬಿಗಿ ಪಟ್ಟಿಗೆ ನಿಲ್ಲುತ್ತದೆ. ಈಗಷ್ಟೇ ಉಬ್ಬತೊಡಗಿದ್ದರೆ ವೈದ್ಯರು ಕೆಲವು ಸಲ ಸ್ಟೀರಾಯ್ಡ್ ಮುಲಾಮನ್ನು ಒಂದೆರಡು ಬಾರಿ ಹಚ್ಚಿಸುತ್ತಾರೆ. ಅದೇ ಟ್ಯೂಬನ್ನು ಮುಂದಿನ ಗಾಯಕ್ಕೆ ಮೊದಲ ದಿನವೇ ಹಚ್ಚಿದರೆ ಗಾಯ ಮಾಯುವುದೇ ನಿಂತುಹೋಗುತ್ತದೆ. ಬಳಸಿ ಉಳಿದ ಟ್ಯೂಬನ್ನು ಗೂಡಿನಲ್ಲಿಡದೆ ಎಸೆಯುವುದು ವಾಸಿ.

ಎಷ್ಟು ಸವರಿದರೂ ಮತ್ತೆ ಮತ್ತೆ ಏಳುವ, ಆಕಾರ ಬದಲಾಗುವ ಮಾಂಸ ಸಾರ್ಕಾಯ್ಡ್ ಎಂಬ ಗಡ್ಡೆಯೂ ಆಗಿರಬಹುದು, ಪರೀಕ್ಷೆಗೆ ತುಣುಕು ಕಳಿಸುವುದು ಒಳ್ಳೆಯದು.

ನೊಣ, ಹುಳ, ಬರ್ಸಾತಿ

ಬೇಸಿಗೆಯಿಂದ ಮಳೆಗಾಲ ಮುಗಿಯುವ ತನಕ ಇದು ದಿನನಿತ್ಯದ ಯುದ್ಧ. ನೊಣ ಓಡಿಸುವ ಸ್ಪ್ರೇ, ಬೇವಿನೆಣ್ಣೆ ಇವು ಗಾಯದ ಸುತ್ತಲಿನ ಕೂದಲಿಗೆ, ಗಾಯದೊಳಕ್ಕೆ ಅಲ್ಲ. ಲದ್ದಿಯನ್ನು ದಿನಾ ದೂರ ಸಾಗಿಸುವುದು, ಲಾಯದಲ್ಲಿ ಫ್ಯಾನು ಹಾಕುವುದು ಯಾವ ಸ್ಪ್ರೇಗಿಂತಲೂ ಹೆಚ್ಚು ಕೆಲಸ ಮಾಡುತ್ತವೆ.

ಗಾಯಕ್ಕೆ ಹುಳ ಬಿದ್ದಿದ್ದರೆ ಟರ್ಪೆಂಟೈನ್ ಸುರಿಯುವುದು ಊರಿಗೆಲ್ಲ ಗೊತ್ತಿರುವ ಉಪಾಯ. ಹುಳ ಹೊರಬರುತ್ತದೆ ನಿಜ, ಹಸಿ ಮಾಂಸವೂ ಬೇಯುತ್ತದೆ. ಸಲೈನ್‌ನಲ್ಲಿ ತೊಳೆದು ಚಿಮುಟದಿಂದ ಕಾಣುವಷ್ಟನ್ನು ತೆಗೆಯಿರಿ. ಮಾಂಸ ಕೊರೆದು ಆಳಕ್ಕಿಳಿದ ಹುಳಕ್ಕೆ ವೈದ್ಯರ ಕೈಯೇ ಬೇಕು, ಐವರ್‌ಮೆಕ್ಟಿನ್ ಕೊಡಬೇಕೇ, ಎಷ್ಟು ಎಂಬುದನ್ನೂ ಅವರೇ ಹೇಳಲಿ.

ಲಾಯದವರು ಬರ್ಸಾತಿ ಎನ್ನುವ ಹುಣ್ಣು ಬೇರೆಯದೇ ಜಾತಿ. ನೊಣಗಳು ಹ್ಯಾಬ್ರೊನೀಮಾ ಎಂಬ ಹೊಟ್ಟೆಹುಳದ ಮರಿಗಳನ್ನು ತಂದು ಗಾಯಕ್ಕೆ ಬಿಡುತ್ತವೆ. ಗಾಯ ವಿಪರೀತ ತುರಿಸುತ್ತದೆ, ಕೆಂಪು ಮಾಂಸದ ನಡುವೆ ಅಕ್ಕಿಕಾಳಿನ ಗಾತ್ರದ ಹಳದಿ ಗಟ್ಟಿ ಹರಳು ಸಿಗುತ್ತವೆ, ಯಾವ ಮುಲಾಮಿಗೂ ಬಗ್ಗುವುದಿಲ್ಲ. ಇದಕ್ಕೆ ಜಂತಿನ ಔಷಧವೇ ಮೂಲ ಚಿಕಿತ್ಸೆ.

ಗೂಡಿನಿಂದ ತೆಗೆದುಹಾಕಬೇಕಾದವು

ಹೈಡ್ರೊಜನ್ ಪೆರಾಕ್ಸೈಡ್ ನೊರೆ ಉಕ್ಕಿಸುತ್ತದೆ, ನೋಡಲು ಸೊಗಸು, ಗಾಯ ಮಾಯಿಸುವ ಕೋಶಗಳನ್ನೂ ಕೊಲ್ಲುತ್ತದೆ. ಸ್ಪಿರಿಟ್, ನೀರು ಬೆರೆಸದ ಡೆಟ್ಟಾಲ್ ಇವೂ ಅಷ್ಟೆ. ಜೆನ್ಷಿಯನ್ ವಯೊಲೆಟ್ ಗಾಯ ಒಣಗಿಸುತ್ತದೆ, ಒಣಗಿದ ಗಾಯದ ಮೇಲೆ ಚರ್ಮ ತೆವಳುವುದು ನಿಧಾನ. ಜೊತೆಗೆ ಕೆಳಗೇನಾಗಿದೆ ಎಂದು ಕಾಣಿಸುವುದೂ ಇಲ್ಲ. ಪುಡಿಗಳು ಕೀವಿನೊಂದಿಗೆ ಸೇರಿ ಸಿಮೆಂಟಿನಂತೆ ಗಟ್ಟಿಯಾಗಿ ಅಡಿಯಲ್ಲಿ ಸೋಂ‌ಕನ್ನು ಮುಚ್ಚಿಡುತ್ತವೆ. ಸೀಮೆಎಣ್ಣೆ, ಸುಟ್ಟ ಎಂಜಿನ್ ಆಯಿಲ್, ಸುಣ್ಣ, ಬೂದಿಯ ಬಗ್ಗೆ ಹೇಳುವಂಥದ್ದೇನೂ ಇಲ್ಲ, ಬೇಡ.

ಅರಿಶಿನದ ವಿಷಯಕ್ಕೆ ಜನ ಜಗಳಕ್ಕೇ ಬರುತ್ತಾರೆ. ಅದಕ್ಕೆ ಉರಿಯೂತ ತಗ್ಗಿಸುವ ಗುಣ ಇದೆ, ಒಪ್ಪೋಣ. ಅಡುಗೆಮನೆ ಡಬ್ಬಿಯ ಪುಡಿ ಮಾತ್ರ ರೋಗಾಣುರಹಿತವಲ್ಲ. ತರಚಿದ ಮೈ ಗಾಯಕ್ಕೆ ಹಚ್ಚಿದರೆ ದೊಡ್ಡ ನಷ್ಟವಿಲ್ಲ. ಕಾಲಿನ ಆಳದ ಗಾಯಕ್ಕೆ, ಹೊಲಿಗೆಗೆ ಕಾದಿರುವ ಗಾಯಕ್ಕೆ ತುಂಬಬೇಡಿ.

ಜೀನು, ಹಗ್ಗ ಉಜ್ಜಿದ ಗಾಯ

ಬೆನ್ನಿನ ದಿಬ್ಬ, ಹೊಟ್ಟೆಪಟ್ಟಿಯ ಜಾಗ, ಕಾಲಿಗೆ ಕಟ್ಟಿದ ಹಗ್ಗದ ಗೆರೆ, ಇವುಗಳಿಗೆ ಔಷಧ ಒಂದೇ: ಉಜ್ಜುವ ವಸ್ತುವನ್ನು ತೆಗೆಯುವುದು. ಸಲೈನ್‌ನಲ್ಲಿ ತೊಳೆದು ಜಿಂಕ್ ಆಕ್ಸೈಡ್ ಕ್ರೀಂ ಹಚ್ಚಿ ಬಿಟ್ಟರೆ ಬೇಗ ಮಾಯುತ್ತವೆ. ಮದುವೆ ಸೀಸನ್ನಿನಲ್ಲಿ ದಿನಾ ಅದೇ ಗಾಯದ ಮೇಲೆ ಜರಿಯ ಜೀನು ಬಿಗಿದು ರಾತ್ರಿ ಮುಲಾಮು ಹಚ್ಚಿದರೆ ಮುಲಾಮು ದಂಡ, ಕುದುರೆಗೆ ಹಿಂಸೆ. ಇದಕ್ಕೆ ನೆಪ ಹೇಳುವವರ ಜೊತೆ ನನಗೆ ವಾದವಿಲ್ಲ, ಪ್ರಾಣಿಹಿಂಸೆ ತಡೆ ಕಾಯ್ದೆ ಇದೆ.

ಮುಟ್ಟಬಾರದ ಹುಣ್ಣು

ಏಟೇ ಬೀಳದೆ ಕಾಲಿನ ಒಳಬದಿಯಲ್ಲೋ ಮೈಮೇಲೋ ಸಾಲಾಗಿ ಗಂಟು ಎದ್ದು, ಒಡೆದು, ಜೇನಿನ ಬಣ್ಣದ ಅಂಟು ಕೀವು ಸುರಿಯುತ್ತಿದ್ದರೆ, ಅದರ ಜೊತೆಗೆ ಜ್ವರ, ಮೂಗಿನಿಂದ ಕೀವು ಇದ್ದರೆ ತೊಳೆಯಲು ಹೋಗಬೇಡಿ. ಅದು ಗ್ಲ್ಯಾಂಡರ್ಸ್ ಆಗಿರಬಹುದು. ಮನುಷ್ಯರಿಗೂ ಹರಡುವ, ಪ್ರಾಣ ತೆಗೆಯಬಲ್ಲ ರೋಗ ಅದು. ಕಾಯ್ದೆ ಪ್ರಕಾರ ಇಲಾಖೆಗೆ ತಿಳಿಸಲೇಬೇಕು, ಸೋಂಕು ಖಚಿತವಾದ ಕುದುರೆಗೆ ಚಿಕಿತ್ಸೆ ಕೊಡುವಂತಿಲ್ಲ. ಕುದುರೆಯನ್ನು ಪ್ರತ್ಯೇಕ ಮಾಡಿ, ಅದರ ಬಕೆಟ್, ಬ್ರಷ್, ಹಾಲ್ಟರ್ ಬೇರೆಯದಕ್ಕೆ ಬಳಸದೆ, ಬರಿಗೈಯಲ್ಲಿ ಮುಟ್ಟದೆ ಪಶುವೈದ್ಯರಿಗೆ ಹೇಳಿ.

ಪಟ್ಟಿ ಬಿಡುವ ಕಾಲ

ಪ್ರತಿ ಸಲ ಪಟ್ಟಿ ಬದಲಿಸುವಾಗ ಗಾಯದ ಪಕ್ಕ ಒಂದು ಸ್ಕೇಲ್ ಹಿಡಿದು ಅದೇ ಕೋನದಿಂದ ಫೋಟೋ ತೆಗೆದಿಡಿ. ದಿನಾ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ, ಎರಡು ವಾರದ ಫೋಟೋಗಳನ್ನು ಅಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. ವೈದ್ಯರಿಗೆ ವಾಟ್ಸ್ಯಾಪ್‌ನಲ್ಲಿ ಕಳಿಸಲೂ ಅದೇ ಅನುಕೂಲ. ಮೊದಲ ಎರಡು ವಾರ ಹಿಗ್ಗುವುದು ಸರಿ. ಆಮೇಲೂ ಅಂಚು ಮುಂದೆ ಬರುತ್ತಿಲ್ಲವೆಂದರೆ ಒಳಗೆ ಏನೋ ಉಳಿದಿರಬಹುದು, ಮುಲಾಮು ಬದಲಿಸುವ ಬದಲು ಎಕ್ಸ್‌ರೇ ಮಾಡಿಸಿ.

ಹೊಸ ಚರ್ಮ ಪೂರ್ತಿ ಮುಚ್ಚಿದ ಮೇಲೆ ಪಟ್ಟಿಯನ್ನು ಒಮ್ಮೆಗೇ ಬಿಡಬೇಡಿ. ಮೊದಲು ಹಗಲು ಲಾಯದೊಳಗೆ ಕೆಲವು ಗಂಟೆ ಬಿಚ್ಚಿಡಿ, ಊತ ಬರದಿದ್ದರೆ ಆ ಹೊತ್ತನ್ನು ಹೆಚ್ಚಿಸಿ. ಕಲೆಯ ಮೇಲೆ ಕೂದಲು ಬರದೇ ಇರಬಹುದು, ಬಂದರೂ ಬಿಳಿ ಬರಬಹುದು. ಆ ತೆಳು ಚರ್ಮ ಒಣಗಿ ಬಿರಿಯದಂತೆ ವ್ಯಾಸಲೀನ್ ತೆಳುವಾಗಿ ಸವರುತ್ತಿರಿ, ಕೆಲಸಕ್ಕೆ ಬಿಡುವಾಗ ಕೆಲವು ತಿಂಗಳು ಕಾಲಿಗೆ ಬೂಟು ಹಾಕಿ. ಮೊದಲ ವಾರ ಲಗಾಮು ಹಿಡಿದು ನಡೆಸುವುದು, ಆಮೇಲೆ ಮೆತ್ತನೆ ನೆಲದಲ್ಲಿ ದುಡುಕಿ ಓಟ (ಟ್ರಾಟ್). ವೈದ್ಯರು ಸರಿ ಎಂದ ಮೇಲೆ ಸವಾರಿ.